ನಾಲ್ಕು ಅಕ್ಷರದ ಊರು

ಸಂತೇಪೇಟೆ ಅಂಗಡಿಯ ಅಟ್ಟ ಗುಡಿಸುವಾಗ
ಸಿಕ್ಕಿತು ಒಂದು ಸತುವಿನ ತಗಡು.
ಇಲಿಬಿಲಕ್ಕೆ ಅಡ್ಡ ಇಟ್ಟಿದ್ದರು ಯಾರೋ.
ಒರೆಸಿ ಬೆಳಕಿಗೆ ಹಿಡಿದೆ:
ಕೊರೆದ ಅಕ್ಷರ ನಾಲ್ಕು, ಇಂಗ್ಲಿಷಿನವು,
ಕೊನೆಯೆರಡು ಅವಳಿ.

ಹಲ್.
ನಮ್ಮ ಸೋದರಜ್ಜಿ ಸಿದ್ದಾಜಮ್ಮನ ಬಾಯಲ್ಲಿ ಹಲ್ಲೂರು.
ಇಂಗ್ಲೆಂಡಿನ ಬಂದರು, ಎಣ್ಣೆಗಾಣಗಳ ಊರು.
ಮಳವಳ್ಳಿ ಕಡೆಯ ರಾಗಿಹೊಲದ ಅಕ್ಕಡಿಯಲ್ಲಿ
ಕೆಂಪಗೆ ಬಲಿತ ಹರಳು
ಗಾಡಿಯಲ್ಲಿ ಬಂದು, ಇಲ್ಲಿ ತೂಗಿ,
ಹೋಗುತ್ತಿದ್ದುದು ಅಲ್ಲಿಗೆ.

'ಅಲ್ಲಿ ಎಲ್ಲರಿಗೂ ಉಬ್ಬುಹಲ್ಲಾ ಅಜ್ಜಿ?'
'ನಾನೇನು ನೋಡಿದ್ನೇ?
ಅಷ್ಟು ಹರಳೆಣ್ಣೆ ಕುಡಿದೋರು
ಬಾಯಿ ಬಿಟ್ರೆ ತಾನೆ ಹಲ್ಲು ಕಾಣೋದು!'

ಅವಳದು ದಬ್ಬಣದ ಕೆಲಸ.
ಗೋಣಿಯ ಬಾಯಿಗೆ ಹದಿನಾರು ಹೊಲಿಗೆ,
ಎರಡು ಮೂಲೆಗೆ ಎರಡು ಕಿವಿ,
ಎಡಗೈಯವಳು, ಗಂಟೂ ಎಡ.
ಆ ಮೇಲೆ ದಸ್ತಗೀರ್ ಸಾಬರು
ಕರಟದಲ್ಲಿ ಕಾಡಿಗೆ ಕಲಸಿ
ಇದೇ ತಗಡು ಒತ್ತಿ ಬಳಿಯುತ್ತಿದ್ದರಂತೆ.
ಕನ್ನಂಬಾಡಿ ಕಟ್ಟೆಗಿಂತ ದೊಡ್ಡ ನೀರು
ಇಬ್ಬರೂ ಕಂಡವರಲ್ಲ.
ಆ ಬಂದರಿನ ಮಂಜಿನಲ್ಲಿ ಯಾವನೋ ಹಮಾಲಿ
ಎಡಗಂಟು ಬಿಚ್ಚಲಾಗದೆ ಬೈದು
ಚಾಕು ತೆಗೆದಿರಬೇಕು.

ಗಂಡ ಸತ್ತ ವರ್ಷ
ಬಿಳಿ ಸೀರೆಗೆ ಹಾಕಲು ನೀಲಿ ತರಿಸಿದಳು.
ಪೊಟ್ಟಣ ಬಿಚ್ಚುವವಳು ನಿಂತಳಂತೆ.
ಓದು ಬಾರದು. ಆದರೆ
ಎರಡು ಕಂಬ, ನಡುವೆ ತೊಲೆ;
ಎತ್ತಿನದಲ್ಲ, ಕುದುರೆಯ ಲಾಳ;
ಗೋಡೆಗೊರಗಿ ಕಾಲು ಚಾಚಿ
ಪಕ್ಕಪಕ್ಕ ಕೂತ ಇಬ್ಬರು ಹೆಂಗಸರು.
'ಅಯ್ಯೋ, ಇದು ನಮ್ಮ ಗೋಣಿ ಅಕ್ಸರ!'

ಅಂಗಡಿ ತುಂಬ ತೋರಿಸಿಕೊಂಡು ಬಂದಳು,
ನೆಂಟರ ಮನೆಯ ಓಲೆಯ ಹಾಗೆ.
ಆಮೇಲೆ ಕೂತು ಬೆರಳು ಮಡಿಸಿದಳು:
ಒಂದು ಪೊಟ್ಟಣ ನೀಲಿಗೆ
ಹನ್ನೆರಡು ಗೋಣಿ ಹೊಲಿಯಬೇಕು.
ಇನ್ನೊಮ್ಮೆ ಎಣಿಸಿದಳು. ಹನ್ನೆರಡೇ.
'ಹಲ್ಲೂರೋರು ಜಾಣರು ಕಣ್ರವ್ವ,'
ಎಂದು ನೀಲಿಯನ್ನು ಉಗುರಲ್ಲಿ ಚಿವುಟಿ ಚಿವುಟಿ
ಮೂರು ತಿಂಗಳು ಬಳಸಿದಳು.
ಸೀರೆ ಅಷ್ಟೇನೂ ಬೆಳ್ಳಗಾಗಲಿಲ್ಲವಂತೆ.

ಈಗ ನಾನು ಮಾರುವುದು ಪ್ಲಾಸ್ಟಿಕ್ ಚೀಲ.
ಮಿಷನ್ನಿನ ಹೊಲಿಗೆ; ಒಂದೆಳೆ ಹಿಡಿದೆಳೆದರೆ
ಸರ್ರನೆ ಬಾಯಿ ಬಿಡುತ್ತದೆ, ಯಾರ ಕೈಗಾದರೂ.
ತಗಡಿಗೆ ಚೌಕಟ್ಟು ಹಾಕಿಸು ಅಂದ ಮಗ.
ನೋಡೋಣ ಅಂದೆ.

ಸದ್ಯಕ್ಕೆ ಬಿಲದ ಬಾಯಿಗೇ ಮತ್ತೆ ಒರಗಿಸಿದ್ದೇನೆ.
ದೊಡ್ಡವು ತಡೆದಿವೆ.
ಮರಿಯಿಲಿ ಮಾತ್ರ
ಲಾಳದಲ್ಲಿ ನುಸುಳಿ ಬರುತ್ತದೆ, ರಾತ್ರಿ,
ಮೀಸೆಯಲ್ಲಿ ಒಂದಿಷ್ಟು ಹಳೇ ಕಾಡಿಗೆ ಹೊತ್ತು.