ಬಾಗುವ ಲೆಕ್ಕ

ಬೆಟ್ಟ ಹೊರಗೆ ಬಂದಿದೆ ಇವತ್ತು, ಅನ್ನುತ್ತಾರೆ ಟಕೋಮಾದಲ್ಲಿ,
ಮೋಡ ಸರಿದು ಹಿಮದ ನೆತ್ತಿ ಕಂಡ ದಿನ.
ಅಂಥದೊಂದು ದಿನವೇ ಬಂದ
ಸಾರ್ಜೆಂಟ್ ಟಾವಿಟ ಸೇಲಾ, ಫಿರಂಗಿ ದಳ.
ಕುರ್ಚಿ ತೋರಿಸಿದರೆ ಕೂರಲಿಲ್ಲ.
ಕೂತರೆ ಏಳಬೇಕಾಗುತ್ತದೆ ಮೇಡಂ, ಅಂದ.

ನಾನು ಡಾಕ್ಟರಲ್ಲ, ವಕೀಲಳಲ್ಲ, ಸೈನಿಕಳಂತೂ ಅಲ್ಲ.
ಕಡತವನ್ನು ಒಂದು ಮಂಡಳಿಯ ದಡದಿಂದ
ಇನ್ನೊಂದಕ್ಕೆ ದಾಟಿಸುವ ಅಂಬಿಗಿತ್ತಿ.
ಹನ್ನೊಂದು ವರ್ಷದಿಂದ ಇದೇ ಮೇಜು,
ಮಿಠಾಯಿ ತುಂಬಿದ ಇದೇ ಗಾಜಿನ ಬಟ್ಟಲು.
ಗಟ್ಟಿ ಗಂಡಸರು ನಿಂಬೆಯದನ್ನೇ ಆರಿಸಿಕೊಳ್ಳುತ್ತಾರೆ, ಯಾಕೋ.

ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಮೊದಲ ಮಂಡಳಿ ಕೇಳುತ್ತದೆ, ಏನಾಗಿದೆ ಈ ದೇಹಕ್ಕೆ?
ಎರಡನೆಯದು, ಇನ್ನೂ ಕೆಲಸಕ್ಕೆ ಬರುತ್ತದೆಯೆ?
ಮಾಜಿ ಸೈನಿಕರ ಇಲಾಖೆ ಬೆಲೆ ಕಟ್ಟುತ್ತದೆ, ಶೇಕಡಾವಾರು.
ಎಷ್ಟು ದಿನ?
ನಿಂಬೆ ಮಿಠಾಯಿ ಕರಗುವಷ್ಟಲ್ಲ, ಅಂದೆ.
ನಗಲಿಲ್ಲ.

ಯಾಕಿಮಾದ ಒಣ ಮೈದಾನ, ತರಬೇತಿ, ಇಳಿಜಾರು,
ಮಗುಚಿಕೊಂಡ ಗಾಡಿ.
ತಪ್ಪೊಪ್ಪಿಕೊಳ್ಳುವವನಂತೆ ಮತ್ತೆ ಮತ್ತೆ ಹೇಳಿದ:
ಶತ್ರು ಇರಲಿಲ್ಲ ಮೇಡಂ. ಬರೀ ಒಂದು ಕಲ್ಲು.

ಬೆನ್ನು ನಲವತ್ತಾದರೆ, ಮಂಡಿ ಇಪ್ಪತ್ತಾದರೆ,
ಕಿವಿಯೊಳಗಿನ ನಿಲ್ಲದ ಜೀರುಂಡೆ ಹತ್ತಾದರೆ
ಒಟ್ಟು ಎಪ್ಪತ್ತಲ್ಲ.
ನಲವತ್ತು ಕಳೆದ ಮೇಲೆ ನೀನು ಉಳಿದದ್ದೇ ಅರವತ್ತು,
ಮಂಡಿಯ ಇಪ್ಪತ್ತು ಆ ಅರವತ್ತರಲ್ಲಿ ಮಾತ್ರ,
ಕಿವಿಯ ಹತ್ತು, ಅದಾದ ಮೇಲೆ ಉಳಿದವನಲ್ಲಿ.
ಐವತ್ತೇಳು ಬರುತ್ತದೆ, ದುಂಡಗೆ ಮಾಡಿ ಅರವತ್ತು ಅನ್ನುತ್ತಾರೆ.
ಯಾವ ಶಾಲೆಯೂ ಬಾಯಿಪಾಠ ಮಾಡಿಸದ ಮಗ್ಗಿ.
ಅವನೇ ಕಾಗದದ ಮೇಲೆ ಕಳೆದು ನೋಡಿದ, ಎರಡು ಸಲ,
ಫಿರಂಗಿಯ ಗುರಿ ಲೆಕ್ಕ ಹಾಕುತ್ತಿದ್ದ ಕೈ.
ಅಂದರೆ ಎಷ್ಟು ಮುರಿದರೂ ಸೊನ್ನೆಯಾಗುವುದಿಲ್ಲ ನಾನು, ಅಂದ.
ಹನ್ನೊಂದು ವರ್ಷ ನನಗೆ ಹೊಳೆದಿರಲಿಲ್ಲ ಅದು.

ಪರೀಕ್ಷೆಗೆ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿ ಹೋದ.
ಬಾಗು, ಅಂದರು. ಬಾಗಿದ.
ಆಜ್ಞೆಯನ್ನು ಅರ್ಧಕ್ಕೆ ನಿಲ್ಲಿಸಿ ಗೊತ್ತಿಲ್ಲದವನು.
ಕೋನಮಾಪಕದ ಎರಡು ಕಡ್ಡಿ ಅವನ ಸೊಂಟದ ಮೇಲೆ ಬಾಯಿ ತೆರೆದವು:
ಮೂವತ್ತೆಂಟು ಡಿಗ್ರಿ.
ಕಚ್ಚಿದ ಹಲ್ಲನ್ನು ಅದು ಅಳೆಯುವುದಿಲ್ಲ.

ಮೂವತ್ತಕ್ಕೆ ನಿಂತಿದ್ದರೆ ಬೆನ್ನಿಗೆ ನಲವತ್ತು.
ಎಂಟು ಡಿಗ್ರಿ ಹೆಚ್ಚು ಬಾಗಿದ್ದಕ್ಕೆ ಇಪ್ಪತ್ತು.
ಮಂಡಿಯಿಂದ, ಕಿವಿಯಿಂದ ಕೆಲಸ ಕೆಟ್ಟಿಲ್ಲವಂತೆ,
ಸೇನೆ ಹಿಡಿದದ್ದು ಬೆನ್ನೊಂದನ್ನೇ.
ನಲವತ್ತೆಂದರೆ ನಿವೃತ್ತಿ, ತಿಂಗಳ ಪಿಂಚಣಿ, ಹೆಂಡತಿ ಮಕ್ಕಳಿಗೆ ಆಸ್ಪತ್ರೆ.
ಇಪ್ಪತ್ತೆಂದರೆ ಒಂದು ಇಡಿಗಂಟು, ಒಂದು ಕೈಕುಲುಕು, ಗೇಟು.

ಹತ್ತು ದಿನ ಇದೆ, ಅಂದೆ, ತೀರ್ಪಿನ ಕಾಗದ ಮುಂದಿಟ್ಟು.
ಒಪ್ಪಬಹುದು. ಹೊಸ ಅಳತೆ ಕೊಟ್ಟು ಮತ್ತೆ ನೋಡಿ ಅನ್ನಬಹುದು.
ಯಾಕೆ ಅಷ್ಟು ಬಾಗಿದೆ? ನೋಯಲಿಲ್ಲವೆ?
ನೋಯದೆ? ಶುರುವಾದದ್ದು ಬಹಳ ಮೊದಲೇ.
ಹೇಳಲಿಲ್ಲವೆ?
ಹದಿನಾಲ್ಕು ವರ್ಷ ನನ್ನ ಹುಡುಗರಿಗೆ ಕಲಿಸಿದ್ದೇ ಅದು ಮೇಡಂ,
ಹೇಳಬೇಡಿ ಅಂತ.

ನಿಯಮದ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದೆ:
ನೋವು ಎಲ್ಲಿ ಶುರುವೋ ಅಳತೆ ಅಲ್ಲಿಗೆ.
ತುಟಿಯಾಡಿಸಿ ಓದಿದ, ಪರಭಾಷೆಯ ಪ್ರಾರ್ಥನೆಯಂತೆ.
ಅಮ್ಮನಿಗೆ ಏನು ಹೇಳಲಿ, ಅಂದ.
ಪಾಗೊ ಪಾಗೊದ ಚರ್ಚಿನಲ್ಲಿ ಪ್ರತಿ ಭಾನುವಾರ
ಎದ್ದು ನಿಂತು ಹೇಳುತ್ತಾಳಂತೆ ಅವಳು,
ನನ್ನ ಮಗ ಬಾಗದವನು ಅಂತ.
ಬಟ್ಟಲಿಂದ ಒಂದು ನಿಂಬೆ ತೆಗೆದು ಜೇಬಿಗಿಟ್ಟುಕೊಂಡ.

ಎರಡನೆಯ ಅಳತೆ ಮಂಗಳವಾರ ಇತ್ತು.
ಕಾಗದ ಇನ್ನೂ ಬಂದಿಲ್ಲ.
ಬೆಟ್ಟ ಒಳಗೆ ಹೋಗಿ ನಾಲ್ಕು ದಿನವಾಯಿತು.

ಸಂಜೆ ಕಡತ ಜೋಡಿಸುವಾಗ ಹಾಳೆಯೊಂದು ಜಾರಿ ಬಿತ್ತು,
ಅವನ ಬಗ್ಗೆ ಕಮಾಂಡರ್ ಬರೆದ ಅರ್ಧ ಪುಟ:
ಉತ್ತಮ ಸೈನಿಕ. ಒಮ್ಮೆಯೂ ದೂರಿದವನಲ್ಲ.
ಎತ್ತಿಕೊಳ್ಳಲು ಬಾಗಿದೆ.
ಕೈ ಮಂಡಿಯ ಹತ್ತಿರ ಬರುವಾಗ
ನನ್ನ ಬೆನ್ನಿನಲ್ಲೂ ಚುರುಕ್ಕೆಂದಿತು.
ಅಲ್ಲೇ ನಿಂತೆ.
ಹಾಳೆ ಇನ್ನೂ ನೆಲದ ಮೇಲಿತ್ತು.