ತೂಕದಲ್ಲಿ ಕಳೆದದ್ದು

ಬೋಹ್ರಿ ಆಳಿಯಲ್ಲಿ ಮುಫದ್ದಲ್‌ಭಾಯಿ
ನಮ್ಮ ಬಂಬನ್ನು ಬೋರಲು ಹಾಕಿ
ಬುಡಕ್ಕೊಂದು ಏಟು ಕೊಟ್ಟ.
ತಾಮ್ರದ ದನಿ ಇದಲ್ಲ ಬಾಯಿ, ಒಳಗೆ ಕಲ್ಲಿದೆ, ಅಂದ.

ಕಲ್ಲೇ.
ಕತ್ತರಿಸಿ ಬಿಚ್ಚಿದರೆ ಬೆರಳು ದಪ್ಪ ಸುಣ್ಣ,
ಪದರದ ಮೇಲೆ ಪದರ, ಕಟಕ ರೊಟ್ಟಿ ಒಟ್ಟಿದ ಹಾಗೆ.
ವಾಡೆಯ ಬಾವಿನೀರು ಬಿಟ್ಟು ಹೋದದ್ದು.
ಇಪ್ಪತ್ತೆಂಟು ವರ್ಷ ನಾವು
ಮೊದಲು ಕಲ್ಲು ಕಾಯಿಸಿ
ಮಿಕ್ಕ ಉರಿಯಲ್ಲಿ ನೀರು ಕಾಯಿಸಿದ್ದೆವು.
ದಿನಾ ಇದ್ದಿಲಿನ ಲೆಕ್ಕ ಬರೆಯುತ್ತಿದ್ದ ಮಾವನಿಗೆ
ಇದು ಗೊತ್ತಾಗಲೇ ಇಲ್ಲ.

ಅಥಣಿಯಿಂದ ಬಂದ ಮೊದಲ ಮುಂಜಾನೆ
ಅತ್ತಿ ಬಚ್ಚಲಲ್ಲಿ ನಿಂತು ಹೇಳಿದ್ದರು:
'ಒಂದ್ ತಂಬಿಗಿ ತಗೊಂಡ್ರ ಒಂದ್ ತಂಬಿಗಿ ತಣ್ಣೀರ ಹಾಕು.
ಪುಕ್ಕಟೆ ಕೊಡಂಗಿಲ್ಲ ಇದು.'

ಮೊದಲು ಮಿಂದವರ ಬೆನ್ನು ಕೆಂಪು.
ಐದನೆಯವಳಿಗೆ, ಅಂದರೆ ನನಗೆ,
ಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ.
ಶ್ರಾವಣದಲ್ಲಿ ಇದ್ದಿಲು ಹಸಿ,
ಹೊಗೆ ಹೊರಗೆ ಹೋಗಲು ಬೇಸತ್ತು
ಒಗೆದ ಸೀರೆಯ ಮೇಲೆ ಕೂರುತ್ತಿತ್ತು.
ನಲ್ಲಿಯ ಕೊರಳಿಗೆ ಹಸಿರು ಕಿಲುಬು.
ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ನನ್ನ ಉಗುರೂ ಹಸಿರು.

ಒಂದು ದಿನ ಗುರುಬಸು, ನನ್ನ ಮೈದುನ,
ಸ್ವಾರಗೇಟಿನ ಬಸ್ಸು ಹಿಡಿಯುವ ಆತುರದಲ್ಲಿ
ಬಕೆಟ್ಟುಗಟ್ಟಲೆ ತಗೊಂಡ, ಒಂದು ತಂಬಿಗೆಯನ್ನೂ ಹಾಕಲಿಲ್ಲ.
ಒಣಗಿದ ನಡುಕೊಳವೆ ಒಳಗೊಳಗೇ ಕಾದು
ಬೆಸುಗೆ ಕರಗಿತು.
ನಾನು ಬಂದು, ಪಾಠ ಕಲಿತವಳು, ಸುರಿದೆ.
ಸುರಿದದ್ದೆಲ್ಲ ನೇರ ಕೆಂಡಕ್ಕೆ.
ಬುಸ್ ಎಂದಿತು, ಬೂದಿ ಎದ್ದು ಮುಖಕ್ಕೆ ಬಡಿಯಿತು,
ತನ್ನ ಬೆಂಕಿಯನ್ನು ತಾನೇ ಆರಿಸಿಕೊಂಡು
ಸುಮ್ಮನೆ ಕೂತಿತು ಬಂಬು.

ಗುರುಬಸುಗೆ ಯಾರೂ ಏನೂ ಅನ್ನಲಿಲ್ಲ.
ಕೊನೆಗೆ ಮುಟ್ಟಿದವಳು ನಾನು.

ತಾಂಬಟ ಆಳಿಯವರು ಬೆಸೆದು ಕೊಟ್ಟರು,
ಮತ್ತೆ ಸೋರಿತು, ಮತ್ತೆ ಬೆಸೆದರು.
ಆಮೇಲೆ ಅಟ್ಟಕ್ಕೆ ಏರಿಸಿದೆವು.

ಹದಿನಾಲ್ಕು ಕಿಲೋ, ಅಂದ ಮುಫದ್ದಲ್‌ಭಾಯಿ.
ಸುಣ್ಣಕ್ಕೆ ಎರಡೂವರೆ ಕಳೆದ,
ಬೆಸುಗೆಗೆ ಅರ್ಧ, ಕಬ್ಬಿಣದ ಜಾಳಿಗೆಗೆ ಒಂದು.
ಮಸಿಗೂ ಕಳೀತೀರೇನು? ಕೇಳಿದೆ.
ನಕ್ಕ.
ಕಳೆದ.

ಈಗ ಗೋಡೆಯ ಮೇಲೆ ಬಿಳಿ ಗೀಸರು,
ಕೆಂಪು ದೀಪ ತಾನೇ ಹೊತ್ತಿ ತಾನೇ ಆರುತ್ತದೆ.
ಅದಕ್ಕೆ ನಾನು ಏನೂ ಕೊಡಬೇಕಾಗಿಲ್ಲ.
ಮಿಂದು ಏಳುವಾಗ ಮಾತ್ರ ಬಲಗೈ
ತಣ್ಣೀರ ತಂಬಿಗೆ ತುಂಬಿ ಎತ್ತಿಬಿಡುತ್ತದೆ.
ಎತ್ತಿದ್ದನ್ನು ಏನು ಮಾಡಲಿ,
ಕಾಲ ಮೇಲೆ ಸುರಿದುಕೊಳ್ಳುತ್ತೇನೆ.
ಡಿಸೆಂಬರಿನಲ್ಲೂ.