ಹೆದೆ

ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿ,
ಮೊಗಣ್ಣಾಚಾರರ ತಗಡಿನ ಶೆಡ್ಡು.
ಅರೆಯುವ ಕಾಲವಲ್ಲ, ಚಿಮಣಿ ತೆಪ್ಪಗಿತ್ತು.
ನೊಗ ಗೊತ್ತು ಅವರಿಗೆ, ಕುಂಟೆ ಗೊತ್ತು, ಬಾಗಿಲು ಚೌಕಟ್ಟು ಗೊತ್ತು,
ಬಿಲ್ಲು ಮಾತ್ರ ಈ ಕೈ ಕಂಡದ್ದಿಲ್ಲ ಎಂದರು.
ಎನ್ನುತ್ತಲೇ ನನ್ನ ನಕ್ಷೆ ಇಸಿದುಕೊಂಡು
ತಲೆಕೆಳಗು ಮಾಡಿ ನೋಡಿದರು:
‘ಎಂಗ್ ತಿರುಗುಸುದ್ರೂ ಒಂದೇ ತರ ಅದೆ.
ಕೆಳಗ್ಲು ತೋಳ್ಗೆ ಕೆಲ್ಸ ಜಾಸ್ತಿ ಅಲ್ವ ಮೇಡಂ?’

ಮೂರು ಪದರ. ಬೆನ್ನಿಗೆ ಬಿದಿರು, ಸಿಪ್ಪೆ ಹೊರಗಿಟ್ಟು.
ನಡುವೆ ಹೊನ್ನೆ. ಹೊಟ್ಟೆಗೆ ತಡಸಲು,
ಹಳೇ ಗಾಡಿಯ ಮೂಕಿಯಿಂದ ಸೀಳಿದ್ದು.
ಕಬ್ಬು ಹೊತ್ತು ಹೊತ್ತು ಬಾಗುವುದು
ಅದಕ್ಕೆ ಮೊದಲೇ ಗೊತ್ತಿತ್ತು.

ಮೊದಲನೆಯದು ಬಿಟ್ಟುಕೊಂಡಿತು.
ಅಂಟು ಹಚ್ಚುವ ಮುಂಚೆ ನುಣುಪು ನೋಡಲೆಂದು
ಬೆರಳಾಡಿಸಿದ್ದೆ. ಬೋಂಡ ತಿಂದ ಬೆರಳು.
ಒಂದು ಗೇಣು ಜಿಡ್ಡು
ಎರಡು ಮರಗಳ ನಡುವೆ ಕೂತುಬಿಟ್ಟಿತ್ತು.
ಏಳನೆಯ ದಿನ ಎಳೆದಾಗ ಚಟ್ ಎಂದಿತು,
ಯಾರೋ ನಾಲಿಗೆ ಲೊಚಗುಟ್ಟಿದ ಹಾಗೆ.
ಆಚಾರ್ರು ಬೈಯಲಿಲ್ಲ. ಬಾಯಿಬಿಟ್ಟ ಸೀಳಿಗೆ
ಮೂಗಿಟ್ಟು ಮೂಸಿ, ‘ಈರುಳ್ಳಿ,’ ಎಂದರು.

ಎರಡನೆಯ ಸಲ ಕೈ ತೊಳೆದು ಕೂತೆವು.
ಹ್ಯಾಕ್ಸಾ ಬ್ಲೇಡಿನಲ್ಲಿ ಮರದ ಮೈ ಗೀರಿ,
(ಅತಿ ನುಣುಪಿಗೆ ಅಂಟು ನಿಲ್ಲುವುದಿಲ್ಲ)
ಎರಡು ಡಬ್ಬಿಯದನ್ನು ತಗಡಿನ ಮೇಲೆ ಕಲೆಸಿದೆವು.
ಮುಕ್ಕಾಲು ಗಂಟೆ ಪುರುಸೊತ್ತು ಕೊಡುವ ಅಂಟು,
ಮಂಡ್ಯದ ಮೇ ತಿಂಗಳಿಗೆ ಇಪ್ಪತ್ತೇ ನಿಮಿಷ.
ಸೈಕಲ್ ಟ್ಯೂಬು ಸೀಳಿದ ಪಟ್ಟಿಯಲ್ಲಿ
ಪುತ್ತೂರು ಕಟ್ಟಿನ ಹಾಗೆ ಸುತ್ತಿ ಸುತ್ತಿ,
ಸಂದಿಯಲ್ಲಿ ಅಂಟು ಸಾಲಾಗಿ ಮಣಿಗಟ್ಟಿದಾಗ
‘ಅಗೋ, ಬೆವರ್ತಾ ಅದೆ. ಸಾಕು.
ಪೂರಾ ಇಂಡ್ಬುಟ್ರೆ ಒಳಗೇನ್ ಉಳ್ದದು?’

ಆಮೇಲೆ ಗೋಡೆ. ಗೋಡೆಗೆ ಹಲಗೆ, ಹಲಗೆಗೆ ಬಿಲ್ಲು,
ಬಾವಿಯ ಗಡಗಡೆಯಲ್ಲಿ ಹಾದುಬಂದ ಹಗ್ಗ.
ನಾನು ಎಳೆಯುವುದು, ಅವರು ದೂರ ನಿಂತು ನೋಡುವುದು.
‘ಇಲ್ಲವ್ನೆ ಸೋಮಾರಿ,’ ಇದ್ದಿಲಲ್ಲಿ ಗೆರೆ,
‘ಪಕ್ಕದೋನೇ ಎಲ್ಲಾ ಒತ್ಕಂಡವ್ನೆ.’
ಸೋಮಾರಿಯನ್ನು ಕೆರೆಯಬೇಕು,
ದುಡಿಯುವವನನ್ನು ಮುಟ್ಟಬಾರದು.
ಒಡೆದ ಗಾಜಿನ ಚೂರು, ನಾಲ್ಕೇ ನಾಲ್ಕು ಗೀರು,
ಉಗುರೊಳಗೆ ಹುರಿಹಿಟ್ಟಿನಂಥ ಪುಡಿ.
ಮತ್ತೆ ಮೂವತ್ತು ಸಲ ಎಳೆದು ಇಳಿಸುವುದು;
ಕೆರೆದ ಸುದ್ದಿ ಮರಕ್ಕೆ ಮುಟ್ಟಲು ಅಷ್ಟು ಬೇಕಂತೆ.

ನನ್ನ ಬಳಿ ಕ್ಯಾಲಿಪರ್ ಇತ್ತು, ಮಿಲಿಮೀಟರ್ ಲೆಕ್ಕವಿತ್ತು.
ಅವರು ಕಣ್ಣು ಮುಚ್ಚಿ ಎರಡು ಬೆರಳ ನಡುವೆ
ತುದಿಯಿಂದ ಹಿಡಿಯವರೆಗೆ ತೋಳನ್ನು ಜಾರಿಸುವರು.
ನಿಂತಲ್ಲಿ ಅಳೆದರೆ ಕೂದಲೆಳೆಯಷ್ಟು ಉಬ್ಬು
ಇದ್ದೇ ಇರುತ್ತಿತ್ತು.
ಒಮ್ಮೆ ಇರಲಿಲ್ಲ. ಆಗಲೂ ಕೆರೆದರು.
ಆವತ್ತು ಬೆರಳು ಸರಿಯೋ ಉಕ್ಕು ಸರಿಯೋ
ಈಗಲೂ ನನಗೆ ತಿಳಿಯದು.

ಒಂದು ಸಂಜೆ ‘ಇನ್ ಎದೆ ಏರ್ಸಿ ಮೇಡಂ’ ಎಂದರು.
ಇಪ್ಪತ್ತು ವರ್ಷ ಮೈದಾನದಲ್ಲಿ ಸೀಟಿ ಊದಿದವಳು,
ಎದೆಯೆತ್ತಿ ನಿಲ್ಲಿ ಎಂದು ಸಾಲಿಗೆ ಸಾಲೇ ಗದರಿದವಳು,
ನೆಟ್ಟಗಾದೆ. ಉಸಿರು ತುಂಬಿಕೊಂಡೆ.
ಆಚಾರ್ರು ನಕ್ಕರು: ‘ನಿಮ್ದಲ್ಲ. ಬಿಲ್ಲಿಂದು.’
ಈ ಊರ ನಾಲಿಗೆ ಹಕಾರವನ್ನು
ಎಲ್ಲೋ ಒಣಹಾಕಿ ಮರೆತು ಬಂದಿದೆ.
ಹೆದೆ ಎನ್ನಬೇಕು ಎಂದು
ತಿದ್ದಲು ಬಾಯಿ ತೆರೆದೆ,
ಮುಚ್ಚಿದೆ.

ಭಾನುವಾರ ಲಿಖಿತ ಬಂದಳು, ಎಡಗೈಯವಳು.
ಶಾಲೆಯ ಮೂರೂ ಬಿಲ್ಲು ಬಲಗೈಯವರಿಗೆ;
ವರ್ಷವಿಡೀ ಉಲ್ಟಾ ಎಳೆದು ಮುಂಗೈ ಬಾತಿತ್ತು.
ಇದರಲ್ಲಿ ಬಾಣದ ಮೆಟ್ಟಿಲು ಬಲಕ್ಕೆ.
ಹಿಡಿದಳು. ಹಿಡಿ ಅವಳ ಅಂಗೈ ಹುಡುಕಿಕೊಂಡಿತು.
ಗಲ್ಲದ ತನಕ ಎಳೆದಳು.
ಎರಡು ತೋಳೂ ಒಂದೇ ಮಾತಿಗೆ ತಲೆಬಾಗಿದವು.
ಆಚಾರ್ರು ಕಿವಿಗೊಟ್ಟರು. ಚಟ್ ಇಲ್ಲ, ಏನೂ ಇಲ್ಲ.
‘ಬಾಣ ಇಲ್ದೆ ಬುಟ್ಬುಡಬ್ಯಾಡ ಮಗಾ!’
ಎಳೆದದ್ದಕ್ಕಿಂತ ನಿಧಾನ
ಇಳಿಸಿದಳು,
ಮಲಗಿದವರ ಮಗ್ಗುಲಿಂದ ಎದ್ದುಬರುವಂತೆ.

ಮೊದಲನೆಯದರ ಬಿದಿರ ತುಂಡು
ಈಗ ಶೆಡ್ಡಿನ ಬಾಗಿಲಿಗೆ ಅಗುಳಿ.
ಗಾಳಿ ತಳ್ಳಿದರೆ ಇಷ್ಟೇ ಇಷ್ಟು ಬಾಗುತ್ತದೆ.
ಮೂಸಿದೆ ಮೊನ್ನೆ. ಈರುಳ್ಳಿ ಇನ್ನೂ ಇದೆ.